ಎರಡು ಸುತ್ತಿನ ನಡುವೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ವಿಕಿರಣ ಚಿಕಿತ್ಸಾ ವಿಭಾಗದ ಕಾರಿಡಾರಿನ ಕೊನೆಗೆ ಒಂದು ಸ್ಕ್ಯಾನಿಂಗ್ ಕೋಣೆ ಇದೆ. ಬಾಗಿಲಿನೊಳಗೆ ಸೀಸದ ಹಾಳೆ ಇರುವುದರಿಂದ ಅದನ್ನು ಭುಜ ಕೊಟ್ಟು ತಳ್ಳಬೇಕು. ಒಳಗೆ ಯಾವಾಗಲೂ ಚಳಿ. ಯಂತ್ರಕ್ಕೆ ತಂಪು ಬೇಕು, ರೋಗಿಗೆ ಹೊದಿಕೆ ಬೇಕು. ಆ ಹೊದಿಕೆಯನ್ನು ರೋಗಿಯ ಪಾದದಡಿ ಸಿಕ್ಕಿಸಿ, ಮೊಣಕಾಲಿನ ಕೆಳಗೆ ದಿಂಬು ತಳ್ಳಿ, "ಮನೆ ಮಂಚದಷ್ಟು ಚೆನ್ನಾಗಿಲ್ಲ, ಆದ್ರೆ ಪಕ್ಕದಲ್ಲಿ ಗೊರಕೆ ಹೊಡೆಯೋರು ಯಾರೂ ಇಲ್ಲ" ಎನ್ನುವ ಹೆಂಗಸನ್ನು ಇಲ್ಲಿ ಎಲ್ಲರೂ ಅಕ್ಕ ಎಂದು ಕರೆಯುತ್ತಾರೆ. ಅವರಿಗಿಂತ ಹಿರಿಯರಾದ ರೋಗಿಗಳಿಗೂ ಅವರು ಅಕ್ಕನೇ. ಬೆನ್ನ ಹಿಂದೆ ಇನ್ನೊಂದು ಹೆಸರಿದೆ: ಅರ್ಧ ಕತೆ ಅಕ್ಕ.

ಅಕ್ಕ ತೆಗೆಯುವ ಚಿತ್ರಗಳು ರೋಗ ಪತ್ತೆ ಮಾಡಲಿಕ್ಕಲ್ಲ. ರೋಗ ಯಾವುದೆಂದು ಗೊತ್ತಾದ ಮೇಲೆಯೇ ಜನ ಈ ಕೋಣೆಗೆ ಬರುವುದು. ಗಡ್ಡೆಗೆ ಕಿರಣ ಬಿಡುವ ಮೊದಲು, ಚರ್ಮದಿಂದ ಗಡ್ಡೆಯವರೆಗೆ ಆ ಕಿರಣ ಏನೇನು ದಾಟಬೇಕು, ಎಷ್ಟು ಕೊಬ್ಬು, ಎಷ್ಟು ಮಾಂಸ, ಎಷ್ಟು ಮೂಳೆ ಎಂಬುದು ತಿಳಿಯಬೇಕು. ಇಲ್ಲಿ ಬಳಸುವ ಪ್ರೋಟಾನ್ ಕಿರಣ ಮೈಯಿಂದ ಆಚೆಗೆ ಹಾದುಹೋಗುವುದಿಲ್ಲ. ಒಂದು ಆಳದವರೆಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ದಾರಿಯಲ್ಲಿ ಸಿಗುವ ಪದಾರ್ಥ ತೀರ್ಮಾನಿಸುತ್ತದೆ. ಮಾಮೂಲಿ ಸ್ಕ್ಯಾನಿನಲ್ಲಿ ಪ್ರತಿ ಬಿಂದುವಿಗೆ ಒಂದೇ ಅಂಕೆ ಸಿಗುತ್ತದೆ. ಬೇರೆ ಬೇರೆ ಪದಾರ್ಥಗಳಿಗೂ ಕೆಲವೊಮ್ಮೆ ಅದೇ ಅಂಕೆ ಬಂದುಬಿಡುತ್ತದೆ. ಹಾಗಾಗಿ ಅದೇ ಜಾಗವನ್ನು ಒಮ್ಮೆ ಕಡಿಮೆ ಶಕ್ತಿಯ ಎಕ್ಸ್‌-ರೇಯಲ್ಲಿ, ಇನ್ನೊಮ್ಮೆ ಹೆಚ್ಚು ಶಕ್ತಿಯದರಲ್ಲಿ ನೋಡುತ್ತಾರೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಲೆಕ್ಕ ಹಾಕಿದರೆ ಯಾವುದು ಏನೆಂದು ಬೇರೆಯಾಗುತ್ತದೆ.

ಹೊಸ ಯಂತ್ರಗಳು ಎರಡನ್ನೂ ಒಟ್ಟಿಗೇ ತೆಗೆಯುತ್ತವೆ. ಈ ಕೋಣೆಯದು ಹಳೆಯದು. ಮೊದಲ ಸುತ್ತು ಮುಗಿದ ಮೇಲೆ ಮಂಚ ಹಿಂದಕ್ಕೆ ಸರಿದು, ಒಂದು ಕ್ಷಣ ನಿಂತು, ಎರಡನೇ ಸುತ್ತಿಗೆ ಮತ್ತೆ ಒಳಗೆ ಹೋಗುತ್ತದೆ. ನಡುವೆ ಒಂದು ಆಕಳಿಕೆಯಷ್ಟು ಹೊತ್ತು. ತಲೆ ಅಲ್ಲಾಡದ ಹಾಗೆ ಮುಖಕ್ಕೆ ಜಾಲರಿಯ ಮುಖವಾಡ ಬಿಗಿದಿರುತ್ತಾರೆ. ಆದರೆ ಮುಖವಾಡಕ್ಕೆ ಗಂಟಲಿನ ಒಳಭಾಗವನ್ನು ಹಿಡಿದಿಡುವ ಶಕ್ತಿ ಇಲ್ಲ. ಆ ಆಕಳಿಕೆಯಷ್ಟು ಹೊತ್ತಿನಲ್ಲಿ ರೋಗಿ ಉಗುಳು ನುಂಗಿದರೂ ಎರಡು ಚಿತ್ರ ಒಂದರ ಮೇಲೊಂದು ಕೂರುವುದಿಲ್ಲ. ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ, ಆ ಮನುಷ್ಯನ ಮೈಯಲ್ಲಿ ಇಲ್ಲದ ಪದಾರ್ಥವೊಂದನ್ನು ಹುಟ್ಟಿಸುತ್ತದೆ.

"ನುಂಗಬೇಡಿ ಅಂದ್ರೆ ಸಾಕು, ಎಲ್ಲಿತ್ತೋ ಅಷ್ಟು ಉಗುಳು, ಬಾಯಿತುಂಬ ಬರುತ್ತೆ," ಎನ್ನುತ್ತಾರೆ ಅಕ್ಕ. "ಅದಕ್ಕೆ ಹೇಳೋದನ್ನೇ ಬಿಟ್ಟೆ."

ಬದಲಿಗೆ ಅವರು ಕತೆ ಹೇಳತೊಡಗಿದರು. ಮೊದಲ ಸುತ್ತಿಗೆ ಮುಂಚೆ, ಗಾಜಿನ ಕಿಟಕಿಯ ಈಚೆಗಿನ ಮೈಕಿನಲ್ಲಿ ಅರ್ಧ. ಎರಡನೇ ಸುತ್ತು ಮುಗಿದ ಮೇಲೆ ಉಳಿದರ್ಧ. ನಡುವೆ ಮುಖವಾಡದೊಳಗಿನ ಮನುಷ್ಯ ಮುಂದೇನಾಯಿತು ಎಂದು ಯೋಚಿಸುತ್ತಾ ಕಲ್ಲಿನಂತೆ ಬಿದ್ದಿರುತ್ತಾನೆ. ಉಗುಳಿನ ನೆನಪೇ ಅವನಿಗೆ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಓಡಿದ ಕತೆ ಲಿಫ್ಟಿನದು. ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿದೆ. ಮೆಕ್ಯಾನಿಕ್ ಬಂದು ಹೊರಗಿನಿಂದ ಕೂಗುತ್ತಾನೆ: "ಹೆದರ್ಕೋಬೇಡಿ ಸ್ವಾಮಿ, ಈಗಲೇ ತೆಗೀತೀನಿ!" ಒಳಗಿದ್ದವನು ಏನೆಂದ ಗೊತ್ತಾ? ಇಲ್ಲಿಗೆ ಅರ್ಧ. ಎರಡೂ ಸುತ್ತು ಮುಗಿದ ಮೇಲೆ ಉತ್ತರ: "ನಿಧಾನಕ್ಕೆ ತೆಗೀರಿ, ಮನೇಲಿ ನೆಂಟರು ಬಂದಿದ್ದಾರೆ."

ಈ ಕತೆಗಳ ಸರಬರಾಜು ಅಕ್ಕನ ಗಂಡನದು. ಅವರು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಕತ್ತಲ ಬಾವಿಗಳಲ್ಲಿ ಹಗ್ಗ, ಗಾಲಿ, ಗ್ರೀಸಿನ ಜೊತೆ ದಿನ ಕಳೆದು, ಲಿಫ್ಟಿನೊಳಗೆ ಸಿಕ್ಕಿಕೊಂಡವರ ಮಾತುಗಳನ್ನು ಊಟದ ಹೊತ್ತಿಗೆ ಮನೆಗೆ ತರುತ್ತಿದ್ದರು. ಮಕ್ಕಳಿಲ್ಲ. ಗಂಡ, ಹೆಂಡತಿ, ಗಂಡನ ತಾಯಿ, ಮೂವರದೇ ಮನೆ.

"ನಿನ್ನ ಮೆಷಿನ್ನೂ ನನ್ನ ಮೆಷಿನ್ನೂ ಒಂದೇ ಕಣೇ," ಎನ್ನುತ್ತಿದ್ದರಂತೆ ಅವರು. "ಒಳಗೆ ಹೋದೋನು ಬಾಯಿ ಮುಚ್ಕೊಂಡು, ಯಾವಾಗ ಹೊರಗೆ ಬಿಡ್ತಾರೋ ಅಂತ ಕಾಯ್ತಾನೆ."

"ನಿಮ್ಮ ಲಿಫ್ಟಲ್ಲಿ ಅವನು ನಿಮ್ಮನ್ನ ಬೈತಾನೆ. ನನ್ನ ಹತ್ರ ಥ್ಯಾಂಕ್ಸ್ ಹೇಳ್ತಾನೆ," ಎಂದು ಅಕ್ಕ ತಿರುಗಿ ಹೇಳುತ್ತಿದ್ದರು.

"ಬೈಯೋಕೆ ಬಾಯಿ ಬಿಟ್ಟಿದ್ರೆ ತಾನೆ, ಮುಖವಾಡ ಬಿಗಿದು ಇಟ್ಟಿರ್ತೀರಿ," ಎಂದು ಒಳಗಿನಿಂದ ಅತ್ತೆ.

ಗಂಡನಿಗೆ ಗಂಟಲ ಹಿಂದೆ, ಮೂಗಿನ ದಾರಿ ಇಳಿಯುವ ಜಾಗದಲ್ಲಿ, ಹಿಂದೊಮ್ಮೆ ಗಡ್ಡೆ ಬಂದಿತ್ತು. ಬೇರೆ ಆಸ್ಪತ್ರೆಯಲ್ಲಿ, ಹಳೆಯ ಬಗೆಯ ಕಿರಣದಲ್ಲಿ ಅದನ್ನು ಸುಟ್ಟಿದ್ದರು. ವಾಸಿಯಾಗಿತ್ತು. ಬಾಯಿ ಒಣಗುವುದೊಂದು ಉಳಿದಿತ್ತು. ಜೇಬಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಓಡಾಡುತ್ತಿದ್ದರು. ವರ್ಷಗಳ ನಂತರ, ಅದೇ ಜಾಗದಲ್ಲಿ, ಅದು ಮರಳಿತು.

ಎರಡನೇ ಸಲ ಕಿರಣ ಕೊಡುವುದು ಕಷ್ಟ. ಗಡ್ಡೆಯ ಹಿಂದೆಯೇ ಬೆನ್ನುಹುರಿ ಇದೆ, ಮತ್ತು ಹುರಿಗೆ ಹಳೆಯ ಕಿರಣದ ನೆನಪು ಅಳಿಯುವುದಿಲ್ಲ. ಒಂದು ಮಿತಿ ದಾಟಿದರೆ ಅದು ಕೆಡುತ್ತದೆ. ತಕ್ಷಣ ಅಲ್ಲ, ತಿಂಗಳುಗಳ ಮೇಲೆ. ವಿಭಾಗದ ದೊಡ್ಡ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಗಡ್ಡೆಗೂ ಹುರಿಗೂ ನಡುವೆ ಕಿರಣ ನಿಲ್ಲಲು ಸಾಕಷ್ಟು ಜಾಗವಿದ್ದರೆ, ವಾಸಿ ಮಾಡುವಷ್ಟು ಪೂರ್ತಿ ಚಿಕಿತ್ಸೆ. ಇಲ್ಲದಿದ್ದರೆ ನೋವು ತಗ್ಗಿಸಲು ಅಷ್ಟಿಷ್ಟು, ಅಷ್ಟೇ. ಜಾಗ ಇದೆಯೋ ಇಲ್ಲವೋ ಎನ್ನುವುದನ್ನು ಹೇಳಬೇಕಾದದ್ದು ಎರಡು ಸುತ್ತಿನ ಸ್ಕ್ಯಾನ್.

ತಮ್ಮವರ ಸ್ಕ್ಯಾನನ್ನು ತಾವೇ ತೆಗೆಯಬಾರದು ಎಂದು ಆ ವಿಭಾಗದಲ್ಲಿ ಯಾರೂ ಬರೆದಿಟ್ಟಿಲ್ಲ. ಆದರೆ ಯಾರೂ ತೆಗೆಯುವುದಿಲ್ಲ. ಅಕ್ಕನ ಜೊತೆ ಕೆಲಸ ಮಾಡುವ ಟೆಕ್ನಿಷಿಯನ್, ಅವರಿಗಿಂತ ಕಿರಿಯಳು, ತಾನು ತೆಗೆಯುತ್ತೇನೆ ಎಂದಳು. ಅಕ್ಕ ಒಪ್ಪಲಿಲ್ಲ. ಗಂಟಲಿನ ಸ್ಕ್ಯಾನಿನಲ್ಲಿ ತಮ್ಮಷ್ಟು ಕೈ ಪಳಗಿದವರು ಇಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಅದು ನಿಜವೂ ಆಗಿತ್ತು.

ಶುಕ್ರವಾರ ಬೆಳಿಗ್ಗೆ ಗಂಡನನ್ನು ಮಲಗಿಸಿ, ಮುಖವಾಡ ಬಿಗಿದು, ಹೊದಿಕೆ ಸಿಕ್ಕಿಸಿ, ಈಚೆ ಬಂದು ಕೂತರು. ಕತೆ ಬೇಡ ಎಂದು ಮನಸ್ಸಿನಲ್ಲಿ ಮೊದಲೇ ತೀರ್ಮಾನಿಸಿದ್ದರು. ಗಂಡನಿಗೆ ಗೊತ್ತಿಲ್ಲದ ಕತೆ ತಮ್ಮ ಬಳಿ ಒಂದೂ ಇರಲಿಲ್ಲ. "ಸುಮ್ಮನೆ ಮಲಗಿರಿ, ಬೇಗ ಮುಗಿಯುತ್ತೆ," ಎಂದರು ಮೈಕಿನಲ್ಲಿ.

ಮುಖವಾಡದೊಳಗಿನಿಂದ ಹಲ್ಲು ಕಚ್ಚಿದ ದನಿ ಬಂತು: "ಊರಿಗೆಲ್ಲ ಅರ್ಧ ಕತೆ. ಕಟ್ಕೊಂಡ ಗಂಡನಿಗೆ ಅದೂ ಇಲ್ವಾ?"

ಅಕ್ಕನಿಗೆ ನಗು ಬಂತು. ಗೊತ್ತಿರುವ ಕತೆಯಾದರೆ ಅಪಾಯವೇನು ಎಂದುಕೊಂಡು ಲಿಫ್ಟಿನದನ್ನೇ ಶುರುಮಾಡಿದರು. ಕಣ್ಣು ಮುಖವಾಡದ ಮೇಲೆಯೇ ಇತ್ತು. ನೂರಾರು ಜನಕ್ಕೆ ಹೇಳಿದ ಕತೆಯ ತುದಿ ಬುಡ ಅದಲುಬದಲಾಯಿತು. "ಮನೆಗೆ ನೆಂಟರು ಬಂದಿದ್ದಾರೆ ಅಂತ ಹೆದರಿ ಒಬ್ಬ ಮನುಷ್ಯ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದ..." ಎಂದುಬಿಟ್ಟು, ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡು, ಗುಂಡಿ ಒತ್ತಿದರು. ಮೊದಲ ಸುತ್ತು ಹೋಯಿತು.

ಆ ಸುತ್ತಿನ ಉದ್ದಕ್ಕೂ ಗಂಡ ನಗುವನ್ನು ಹಿಡಿದುಕೊಂಡಿದ್ದರು. ಮಂಚ ಹಿಂದಕ್ಕೆ ಸರಿದಾಗ ತಡೆಯಲಾಗಲಿಲ್ಲ. ಮುಖವಾಡದೊಳಗೆ ನಗಲು ಆಗುವುದಿಲ್ಲ. ಭುಜ ಒಮ್ಮೆ ಕುಲುಕಿತು, ಗಂಟಲ ಗಂಟು ಮೇಲೇರಿ ಇಳಿಯಿತು. ಅಷ್ಟೇ. ಎರಡನೇ ಸುತ್ತು ಶುರುವಾಗುವ ಹೊತ್ತಿಗೆ ಅವರು ಮತ್ತೆ ಅಲ್ಲಾಡದೆ ಮಲಗಿದ್ದರು.

ಬೇರೆ ಯಾರೇ ಆಗಿದ್ದರೂ ಅಕ್ಕ ಮತ್ತೊಮ್ಮೆ ತೆಗೆಯುತ್ತಿದ್ದರು. ಅವತ್ತು ಎರಡೂ ಚಿತ್ರಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಇಟ್ಟು ನೋಡಿದರು. ಕಣ್ಣಿಗೆ ಸರಿಯಾಗಿಯೇ ಕಂಡವು. ಗಂಟಲು ಮೊದಲಿನ ಜಾಗಕ್ಕೇ ಬಂದು ಕೂತಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಹೋಗಿ ಮುಖವಾಡ ಬಿಚ್ಚಿದರು. ಗಂಡನ ಕೆನ್ನೆಯ ಮೇಲೆಲ್ಲ ಜಾಲರಿಯ ಗುರುತು.

"ನನ್ನ ಕತೆ ನನಗೇ ಹಾಳು ಮಾಡಿ ಹೇಳ್ತೀಯಲ್ಲೇ," ಎಂದರು ಅವರು.

ಚಿತ್ರಗಳು ಪಕ್ಕದ ಕೋಣೆಗೆ ಹೋದವು. ಅಲ್ಲಿ ಕಿರಣದ ಲೆಕ್ಕ ಹಾಕುವ ಭೌತವಿಜ್ಞಾನಿ ಇದ್ದಾರೆ. ಎಲ್ಲರ ಬಾಯಲ್ಲಿ ಲೆಕ್ಕದ ಸರ್. ಮಿತಭಾಷಿ, ಊಟದ ಡಬ್ಬಿಯ ಮುಚ್ಚಳವನ್ನೂ ಎರಡು ಸಲ ಒತ್ತಿ ನೋಡುವ ಮನುಷ್ಯ. ಸಂಜೆ ಹೊತ್ತಿಗೆ ಮೊದಲ ಲೆಕ್ಕ ಬಂತು. ಗಡ್ಡೆಯ ಹಿಂದಿನ ಅಂಚಿನಲ್ಲಿ ಕಿರಣ ನಿಲ್ಲುತ್ತದೆ, ಹುರಿಯನ್ನು ಮುಟ್ಟುವುದಿಲ್ಲ. ದೊಡ್ಡ ಡಾಕ್ಟರು ಅಕ್ಕನನ್ನು ಕಾರಿಡಾರಿನಲ್ಲೇ ನಿಲ್ಲಿಸಿ ಹೇಳಿದರು: "ಆಗುವ ಹಾಗೆ ಕಾಣುತ್ತಮ್ಮ. ಸರ್ ಇನ್ನೊಮ್ಮೆ ಪರೀಕ್ಷೆ ಮಾಡ್ತಾರೆ. ಸೋಮವಾರ ಖಚಿತವಾಗಿ ಹೇಳ್ತೀನಿ."

ಆ ಶನಿವಾರ ಭಾನುವಾರ ಅತ್ತೆ ಫೋನ್ ಕೆಳಗಿಡಲಿಲ್ಲ. ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು. "ನನ್ನ ಸೊಸೆನೇ ಚಿತ್ರ ತೆಗೆದದ್ದು. ಜಾಗ ಇದೆಯಂತೆ. ಹೂಂ, ಜಾಗ. ಅದೇನೋ ನನಗೂ ಅರ್ಥ ಆಗ್ಲಿಲ್ಲ, ಇದ್ರೆ ಒಳ್ಳೇದಂತೆ." ಗಂಡ ಕೆಲಸದ ಶೂ ಹೊರಗೆ ತೆಗೆದು ಪಾಲಿಶ್ ಹಾಕಿದರು. ಒಂದು ಆಫೀಸ್ ಕಟ್ಟಡದ ಲಿಫ್ಟ್ ತಾವಿಲ್ಲದಾಗ ಕೊಡುತ್ತಿರುವ ತೊಂದರೆಯ ಬಗ್ಗೆ ಹೆಂಡತಿಗೆ ದೀರ್ಘವಾಗಿ ವಿವರಿಸಿದರು. ಅಕ್ಕ ಎಲ್ಲದಕ್ಕೂ ಹೂಂ ಎಂದರು. ಕುಲುಕಿದ ಆ ಭುಜ ಅವರ ಕಣ್ಣ ಮುಂದಿನಿಂದ ಹೋಗಲಿಲ್ಲ. ಅನ್ನ ಹೆಚ್ಚಾಗಿ ಬೆಂದದ್ದೂ ಅವರಿಗೆ ಗೊತ್ತಾಗಲಿಲ್ಲ.

ಸೋಮವಾರ ಲೆಕ್ಕದ ಸರ್ ಕರೆದರು. ಪರದೆಯ ಮೇಲೆ ಗಂಟಲಿನ ಹಿಂಗೋಡೆಯನ್ನು ದೊಡ್ಡದು ಮಾಡಿ ಇಟ್ಟಿದ್ದರು. ಅಲ್ಲೊಂದು ಬಿಳಿ ಎಳೆ, ಉಗುರಿನಷ್ಟು ದಪ್ಪ.

"ಅಕ್ಕ, ಈ ಗೆರೆ ನೋಡಿ. ಇದು ಮಾಂಸದ ಅಂಕೆ ಅಲ್ಲ. ಸರಿಯಾದ ಮೂಳೆಯದೂ ಅಲ್ಲ."

"ಹಳೇ ಕಿರಣದ ಕಲೆ ಇರಬಹುದಾ ಸರ್?" ಅಕ್ಕನ ಬಾಯಿಂದ ಮೊದಲು ಬಂದದ್ದು ಈ ಮಾತು.

"ಇರಬಹುದು. ಹಿಂದೆ ಚಿಕಿತ್ಸೆ ಆದ ಜಾಗದಲ್ಲಿ ಸುಣ್ಣ ಕಟ್ಟೋದುಂಟು. ಹಾಗಿದ್ರೆ ಆ ಸುಣ್ಣವೇ ಕಿರಣವನ್ನ ಸ್ವಲ್ಪ ಮುಂಚೆ ನಿಲ್ಲಿಸುತ್ತೆ, ನನ್ನ ಲೆಕ್ಕ ಸರಿ. ಇಲ್ಲ, ಅವರು ಅಲ್ಲಾಡಿರಬಹುದು. ಹಾಗಿದ್ರೆ ಈ ಗೆರೆ ಅವರ ಮೈಯಲ್ಲೇ ಇಲ್ಲ. ಕಿರಣ ನಿಲ್ಲದೆ ಹುರಿಯವರೆಗೆ ಹೋಗುತ್ತೆ." ಅವರು ಕುರ್ಚಿ ತಿರುಗಿಸಿದರು. "ನಾನು ಚಿತ್ರ ಮಾತ್ರ ನೋಡಿದ್ದು. ಕಿಟಕಿ ಹತ್ರ ಇದ್ದೋರು ನೀವು."

ಆ ಕೋಣೆಯಲ್ಲಿ ಗೋಡೆಗೆ ಆನಿಸಿಟ್ಟ ಮುಖವಾಡಗಳ ಸಾಲಿತ್ತು. ಚಿಕಿತ್ಸೆ ಮುಗಿದವರದು, ಮುಗಿಯದವರದು. ಅಕ್ಕನ ಕಣ್ಣು ಅತ್ತ ಹೋಯಿತು.

"ನಕ್ಕರು ಸರ್."

"ಯಾವಾಗ?"

"ಎರಡು ಸುತ್ತಿನ ನಡುವೆ. ನಾನೇ ನಗಿಸಿದ್ದು."

ಲೆಕ್ಕದ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ನಾಳೆ ಮತ್ತೆ ತೆಗೆಯೋಣ," ಎಂದರು. "ನೀವು ಬೇಡ."

ಮರುದಿನ ಸ್ಕ್ಯಾನ್ ತೆಗೆದದ್ದು ಕಿರಿಯ ಟೆಕ್ನಿಷಿಯನ್. ಅಕ್ಕ ಕಾರಿಡಾರಿನಲ್ಲಿ ರೋಗಿಗಳ ಕಡೆಯವರು ಕೂರುವ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಿದ್ದರು. ಅಷ್ಟು ವರ್ಷ ಆ ಬೆಂಚಿನ ಮುಂದೆ ಓಡಾಡಿದ್ದರೂ ಅಲ್ಲಿಂದ ಕೋಣೆಯ ಬಾಗಿಲು ಪೂರ್ತಿ ಕಾಣುವುದಿಲ್ಲ ಎನ್ನುವುದು ಅವರಿಗೆ ತಿಳಿದಿರಲಿಲ್ಲ. "ಮತ್ತೆ ಯಾಕೆ ತೆಗೀತಿದ್ದಾರೆ?" ಎಂದು ಅತ್ತೆ ಕೇಳಿದರು. "ಮೊನ್ನೆಯದು ಸರಿ ಬಂದಿಲ್ಲ ಅತ್ತೆ," ಎಂದರು. "ನೀನು ತೆಗೆದದ್ದು ಸರಿ ಬಂದಿಲ್ವಾ?" ಎಂದು ಅತ್ತೆ ಆಶ್ಚರ್ಯಪಟ್ಟರು.

ಹೊಸ ಚಿತ್ರ ಚೊಕ್ಕವಾಗಿ ಬಂತು. ಅದರಲ್ಲಿ ಬಿಳಿ ಎಳೆ ಇರಲಿಲ್ಲ. ಜಾಗವೂ ಇರಲಿಲ್ಲ.

ದೊಡ್ಡ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದರು. ಪೂರ್ತಿ ಚಿಕಿತ್ಸೆ ಆಗುವುದಿಲ್ಲ, ನೋವಿಗೆ ಸ್ವಲ್ಪ ಕೊಡೋಣ. "ಮೊನ್ನೆ ಆಗುತ್ತೆ ಅಂದ್ರಲ್ಲ ಡಾಕ್ಟ್ರೇ," ಎಂದು ಗಂಡ ಕೇಳಿದಾಗ, ಮೊನ್ನೆಯ ಚಿತ್ರ ಸರಿ ಇರಲಿಲ್ಲ ಎಂದಷ್ಟೇ ಹೇಳಿದರು. ಅವರು ಅಷ್ಟಕ್ಕೇ ನಿಲ್ಲಿಸಿದ್ದನ್ನು ಅಕ್ಕ ಗಮನಿಸಿದರು. ಮುಂದಿನದನ್ನು ಹೇಳದೆ ಇರಬಹುದಿತ್ತು. ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಗಂಡನಿಗೆ ಎಲ್ಲವನ್ನೂ ಹೇಳಿದರು.

ಗಂಡ ಊಟದ ಮೇಜಿನ ಬಳಿ ಕೂತು ಪೂರ್ತಿ ಕೇಳಿದರು. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದರು.

"ಅಂದ್ರೆ ನಾನು ನಕ್ಕಿದ್ದಕ್ಕೆ ಹೀಗಾಯ್ತಾ?"

"ಅಲ್ಲ ರೀ. ಜಾಗ ಮೊದಲೂ ಇರಲಿಲ್ಲ. ನಕ್ಕಿದ್ದಕ್ಕೆ ಇದ್ದ ಹಾಗೆ ಕಾಣಿಸ್ತು."

"ಸರ್ ಕೇಳಿದಾಗ ಹಳೇ ಕಲೆ ಅಂತ ಬಿಟ್ಟಿದ್ರೆ?"

"ಚಿಕಿತ್ಸೆ ಕೊಡ್ತಿದ್ರು."

"ಗಡ್ಡೆ ಹೋಗ್ತಿತ್ತಾ?"

"ಹೋಗ್ತಿತ್ತೇನೋ." ಅಕ್ಕ ನಿಂತೇ ಇದ್ದರು. "ಆದ್ರೆ ಹುರಿ ಕೆಡ್ತಿತ್ತು. ಕತ್ತಿನಿಂದ ಕೆಳಗೆ ಕೈ ಕಾಲು ಏನೂ ಇರ್ತಿರಲಿಲ್ಲ. ಆ ಮಟ್ಟದಲ್ಲಿ ಕೆಟ್ರೆ ಉಸಿರೂ ನಿಲ್ಲಬಹುದು."

"ಬಹುದು," ಎಂದರು ಗಂಡ. "ನಿಮ್ಮದೆಲ್ಲ ಬಹುದೇ. ನಿಲ್ಲದೇನೂ ಇರಬಹುದು. ಹಾಸಿಗೆ ಮೇಲೆ ಬಿದ್ಕೊಂಡಾದ್ರೂ ಇರ್ತಿದ್ದೆನಲ್ಲ? ಕಣ್ಣು ಕಾಣ್ತಿತ್ತು, ಕಿವಿ ಕೇಳ್ತಿತ್ತು. ನಿನ್ನ ಕೆಟ್ಟ ಕತೆಗಳನ್ನ ಕೇಳ್ಕೊಂಡು ಇರ್ತಿದ್ದೆ." ದನಿ ಏರಿಸಲಿಲ್ಲ. "ಸರ್‌ಗೆ ಹೇಳೋ ಮುಂಚೆ, ಮನೆಗೆ ಬಂದು ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

ಅನ್ನಿಸಿರಲಿಲ್ಲ. ಅಕ್ಕ ಹಾಗೆಂದೇ ಹೇಳಿದರು.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತೆ ನಲ್ಲಿ ನಿಲ್ಲಿಸಿದರು. ಬಂದು ಮಗನ ಪಕ್ಕದ ಕುರ್ಚಿಯಲ್ಲಿ ಕೂತರು. ಸೊಸೆಯ ಕಡೆ ನೋಡಲಿಲ್ಲ.

ಅದಾದ ಮೇಲೆ ಆ ಮನೆಯಲ್ಲಿ ಮಾತು ನಿಲ್ಲಲಿಲ್ಲ, ಆದರೆ ಕೆಲಸದ ಮಾತು ಮಾತ್ರ ಉಳಿಯಿತು. ಮಾತ್ರೆ ತಗೊಂಡ್ರಾ, ಬಾಗಿಲು ಹಾಕಿದ್ದೀಯಾ, ಹಾಲು ಬಂತಾ. ನೋವಿನ ಚಿಕಿತ್ಸೆಗೆ ಗಂಡ ತಾಯಿಯ ಜೊತೆ ಬರುತ್ತಿದ್ದರು. ಅದೇ ಕಾರಿಡಾರಿನಲ್ಲಿ ಹೆಂಡತಿ ಎದುರಾದರೆ, ಬೇರೆ ರೋಗಿಗಳ ಹಾಗೆ, "ಹೇಗಿದ್ದೀರಿ ಅಕ್ಕ?" ಎನ್ನುತ್ತಿದ್ದರು. ಕಿರಿಯ ಟೆಕ್ನಿಷಿಯನ್ ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದಳು. ಮೊದಲ ಸಲ ಅಕ್ಕನೂ ಹಾಗೇ ಅಂದುಕೊಂಡಿದ್ದರು.

ನೋವು ತಗ್ಗಿತು. ಗಡ್ಡೆ ತಗ್ಗಲಿಲ್ಲ. ಊಟ ಕಡಿಮೆಯಾಗುತ್ತಾ ಬಂತು, ಮೈ ಇಳಿಯುತ್ತಾ ಬಂತು. ಕಾಲು ಮಾತ್ರ ಕೊನೆಯವರೆಗೂ ಗಟ್ಟಿಯಾಗಿತ್ತು. ಬೆಳಿಗ್ಗೆ ಬೀದಿಯ ತಿರುವಿನವರೆಗೆ ಹೋಗಿ ಬರುತ್ತಿದ್ದರು. ಆಮೇಲೆ ಗೇಟಿನವರೆಗೆ, ಆಮೇಲೆ ಕಿಟಕಿಯವರೆಗೆ. ಅಕ್ಕ ಜೊತೆಗೆ ಹೋಗಲು ಎದ್ದರೆ, "ನಡೆಯೋಕೆ ಬರುತ್ತಲ್ಲ, ನೀನೇ ಉಳಿಸಿಕೊಟ್ಟಿದ್ದು," ಎನ್ನುತ್ತಿದ್ದರು. ಅದರಲ್ಲಿ ಚುಚ್ಚು ಎಷ್ಟು, ಪ್ರೀತಿ ಎಷ್ಟು ಎಂದು ಬೇರೆ ಮಾಡಲು ಅಕ್ಕನಿಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಂಡ ತಾವಾಗಿಯೇ ಕರೆದು, ಕಾಲುಗುರು ಕತ್ತರಿಸಿಕೊಡು ಎಂದರು. ಅಕ್ಕ ನೆಲದ ಮೇಲೆ ಕೂತು ಕತ್ತರಿಸಿದರು. ಮುಗಿದ ಮೇಲೂ ಅವರು ಪಾದವನ್ನು ಹೆಂಡತಿಯ ಮಡಿಲಿನಿಂದ ತೆಗೆಯಲಿಲ್ಲ. ಅತ್ತೆ ಬಂದು ನೋಡಿ ಹಾಗೇ ಹಿಂದಕ್ಕೆ ಹೋದರು. ರಾಜಿ ಎಂದು ಇದ್ದರೆ ಅಷ್ಟೇ. ಆ ವಾರದ ಕೊನೆಗೆ ಗಂಡ ತೀರಿಕೊಂಡರು, ಹಗಲು ಹೊತ್ತಿನಲ್ಲಿ, ಬಚ್ಚಲಿನಿಂದ ತಾವೇ ನಡೆದು ಬಂದು ಮಲಗಿದ ಮೇಲೆ.

ಅತ್ತೆ ಈಗಲೂ ಸೊಸೆಯ ಜೊತೆಗೇ ಇದ್ದಾರೆ. ನೆಂಟರಲ್ಲಿ ಯಾರೋ, ಸುಮ್ಮನೆ ಇದ್ದಿದ್ದರೆ ನಿಮ್ಮ ಮಗ ಉಳಿಯುತ್ತಿದ್ದನಂತಲ್ಲ ಎಂದು ಕೆದಕಿದಾಗ, ಮುದುಕಿ ಅವರನ್ನು ಬಾಗಿಲವರೆಗೆ ಕಳಿಸಿಕೊಟ್ಟು ಬಂದರಂತೆ. ಆದರೆ ಅಂಥದ್ದೇನೂ ಇಲ್ಲ ಎಂದೂ ಅವರು ಹೇಳಲಿಲ್ಲ. ಅಕ್ಕ ಅದನ್ನು ಗಮನಿಸಿದ್ದಾರೆ.

ಲೆಕ್ಕದ ಸರ್ ಈ ವಿಷಯವನ್ನು ಮತ್ತೆ ಎತ್ತಲಿಲ್ಲ. ಕೇಳಿದರೆ ಇಷ್ಟು ಹೇಳುತ್ತಾರೆ: "ಅಕ್ಕ ಹೇಳದೆ ಇದ್ದಿದ್ದರೆ ನಾನು ಸುಣ್ಣ ಅಂತಲೇ ಬರೀತಿದ್ದೆ. ತಪ್ಪು ನನ್ನದಾಗಿರ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ."

ಅಕ್ಕ ಕೆಲಸಕ್ಕೆ ಮರಳಿದ್ದಾರೆ. ಸಮಾಧಾನವಿದೆಯೇ ಎಂದು ಕೇಳಿದಾಗ ಅವರ ಕೈ ಕೆಲಸದಲ್ಲಿತ್ತು. ಮಂಚದ ಹಾಳೆ ಬದಲಿಸಿ, ಅಂಚುಗಳನ್ನು ಮಡಿಸಿ ಸಿಕ್ಕಿಸಿ, ಮೊಣಕಾಲ ದಿಂಬನ್ನು ತಟ್ಟಿ ಇಟ್ಟರು.

"ಅವರು ನಡೀತಿದ್ದಾಗ ನೋಡಿ ಸಮಾಧಾನ ಆಗ್ತಿತ್ತು ಅಂದ್ರೆ ಸುಳ್ಳಾಗುತ್ತೆ," ಎಂದರು ಕೊನೆಗೆ. "ಸರ್‌ಗೆ ಹೇಳಿದ್ದು ತಪ್ಪು ಅಂತ ಇವತ್ತಿಗೂ ಅನ್ನಿಸಿಲ್ಲ. ಇಲ್ಲದ್ದನ್ನ ಇದೆ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ. ಆದ್ರೆ ಮೈ ಅವರದು. ಮೊದಲು ಮನೆಗೆ ಹೋಗಿ ಕೇಳ್ಬೇಕಿತ್ತು. ಅವರು ಬೇಡ, ಸುಮ್ಮನಿರು ಅಂತಿದ್ರು. ನಾನು ಆಗಲೂ ಹೇಳೇ ಹೇಳ್ತಿದ್ದೆ, ಜಗಳ ಆಗ್ತಿತ್ತು. ಆಗಲಿ. ಕೇಳ್ಬೇಕಿತ್ತು."